ಕೈ ಇಳಿಯುವವರೆಗೆ

ಪುತ್ತೂರಿನ ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತು ತಮ್ಮ ಆಲ್ಬಮಿಗೆ ಸಂಗೀತ ಹೊಂದಿಸುತ್ತಿದ್ದ ಅರೇಂಜರ್ ಬಲಗೈ ಎತ್ತಿದರು. ಈಚೆ ನಾನು ಗಟ್ಟಿಮೇಳ ಊದಿದೆ. ಅವರು ಕೈ ಎತ್ತಿದ್ದು ‘ಸಾಕು, ನಿಲ್ಲಿಸಿ’ ಎಂಬ ಅರ್ಥದಲ್ಲಿ. ನಾನು ಊದಿದ್ದು ಇಪ್ಪತ್ತೇಳು ವರ್ಷಗಳ ಅಭ್ಯಾಸದಿಂದ.

ನಾನು ಸುಳ್ಯದ ಹತ್ತಿರದ ಮಂಡೆಕೋಲಿನವನು. ಮದುವೆ, ಉಪನಯನ, ದೇವಸ್ಥಾನದ ಪೂಜೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವುದು ನಮ್ಮ ಮನೆಯವರ ಕೆಲಸ. ಬೇರೆ ಊರಿನವರಿಗೆ ಸ್ಯಾಕ್ಸೋಫೋನ್ ಎಂದರೆ ಜಾಝ್ ನೆನಪಾಗಬಹುದು, ನಮ್ಮ ಕಡೆ ಅದು ಮಂಗಳವಾದ್ಯ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದಲ್ಲಿ ಡೋಲು ಮತ್ತು ಶ್ರುತಿಪೆಟ್ಟಿಗೆ ಇಟ್ಟುಕೊಂಡು ನುಡಿಸುತ್ತೇವೆ. ಮುಹೂರ್ತದ ಹೊತ್ತಿಗೆ ಪುರೋಹಿತರು ಕೈ ಎತ್ತುತ್ತಾರೆ. ಆಗ ಯಾವ ಕೀರ್ತನೆಯ ಯಾವ ಸಾಲಿನಲ್ಲಿದ್ದರೂ ಅದನ್ನು ಅಲ್ಲೇ ಬಿಟ್ಟು ಗಟ್ಟಿಮೇಳ ಎತ್ತಬೇಕು. ಅದಕ್ಕೆ ತಾಳದ ಲೆಕ್ಕವಿಲ್ಲ. ಉಸಿರು ಇದ್ದಷ್ಟು, ಡೋಲಿನ ತೊಗಲು ತಾಳಿದಷ್ಟು. ಆ ಗಳಿಗೆಯಲ್ಲಿ ಸೀನು, ಕೆಮ್ಮು, ಅಳು ಯಾವುದೂ ವಧೂವರರ ಕಿವಿಗೆ ಬೀಳಬಾರದೆಂದು ಇಷ್ಟು ಸದ್ದು. ಎತ್ತಿದ ಕೈ ಇಳಿಯುವವರೆಗೆ ನಿಲ್ಲಿಸುವ ಹಾಗಿಲ್ಲ. ಅಪ್ಪ ನನಗೆ ಸರಿಗಮಕ್ಕಿಂತ ಮೊದಲು ಕಲಿಸಿದ್ದು ಇದನ್ನೇ. ಕಣ್ಣು ಕೈಯ ಮೇಲಿರಬೇಕು.

ಸ್ಟುಡಿಯೋದಲ್ಲಿಯೂ ನನ್ನ ಕಣ್ಣು ಕೈಯ ಮೇಲೆಯೇ ಇತ್ತು. ನಾನು ಊದಿದಷ್ಟೂ ಅರೇಂಜರ್ ಗಾಬರಿಯಲ್ಲಿ ಕೈಯನ್ನು ಇನ್ನೂ ಮೇಲಕ್ಕೆತ್ತಿ ಆಡಿಸಿದರು. ಅವರು ಆಡಿಸಿದಷ್ಟೂ ನಾನು ಜೋರು ಮಾಡಿದೆ. ಹನ್ನೊಂದು ಸೆಕೆಂಡು ಹೀಗೆ ನಡೆಯಿತು. ಕೊನೆಗೆ ಅವರು ಕೈ ಕೆಳಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲು ತೆರೆದು ಒಳಗೆ ಬಂದು ಕಣ್ಣೊರೆಸಿಕೊಂಡರು.

“ಮಾರಾಯ್ರೆ, ಇದು ಫಂಕ್. ಇಲ್ಲಿ ಯಾರಿಗೂ ಮದುವೆ ಇಲ್ಲ.”

ನಾನೂ ನಕ್ಕೆ. ತಪ್ಪು ನನ್ನದೇ, ನಗಬಹುದಾದ ತಪ್ಪೇ. ಅಲ್ಲಿಗೆ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಎರಡು ದಿನ ಬಿಟ್ಟು ಆ ಹನ್ನೊಂದು ಸೆಕೆಂಡು ವಾಟ್ಸಾಪಿನಲ್ಲಿ ಬಂತು. ಯಾರೋ ಗಾಜಿನ ಆಚೆಯಿಂದ ಮೊಬೈಲಿನಲ್ಲಿ ತೆಗೆದಿದ್ದರು. ಕಣ್ಣು ಬಿಟ್ಟುಕೊಂಡು, ಕೆನ್ನೆ ಉಬ್ಬಿಸಿಕೊಂಡು ಊದುತ್ತಿರುವ ನಾನು, ಹಿಂದೆ ಅರೇಂಜರ್ ಅವರ ನಗು. ಹಂಚಿದ್ದು ಅವರ ನಂಬರಿನಿಂದಲೇ. ವಾರದೊಳಗೆ ಅದು ಸುಳ್ಯ, ಕಡಬ, ಈಶ್ವರಮಂಗಲವನ್ನೆಲ್ಲ ಸುತ್ತಿ ನನ್ನ ಮಗಳ ಕಾಲೇಜಿನ ಗ್ರೂಪಿಗೂ ಮುಟ್ಟಿತು. ಮೂರು ದಿನ ರೆಕಾರ್ಡಿಂಗ್ ಮಾಡಿದ್ದ ನನಗೆ ನಾಲ್ಕನೆಯ ದಿನ ಕರೆ ಬರಲಿಲ್ಲ. ಫೋನ್ ಮಾಡಿದಾಗ, “ನಿಮ್ಮದು ಸ್ವಲ್ಪ ಮದುವೆ ಸೌಂಡ್ ಆಗ್ತದೆ, ಬೇರೆ ನೋಡ್ತೇವೆ” ಎಂದರು.

ಆಮೇಲೆ ಶುರುವಾಯಿತು ಊರಿನವರ ಆಟ. ಕಡಬದ ಒಂದು ಮದುವೆಯಲ್ಲಿ ನಾನು ನುಡಿಸುತ್ತಿದ್ದಾಗ ಊಟದ ಹಾಲ್‌ನ ಬಾಗಿಲಲ್ಲಿ ನಿಂತಿದ್ದ ನಾಲ್ಕು ಜನ ಒಟ್ಟಿಗೆ ಕೈ ಎತ್ತಿದರು. ನನ್ನ ಬೆರಳು ಕೇಳಲಿಲ್ಲ, ಗಟ್ಟಿಮೇಳ ಹೊರಟೇ ಹೋಯಿತು. ಮಂಟಪದಲ್ಲಿ ಆಗಿನ್ನೂ ಮದುಮಗನ ಕಾಲು ತೊಳೆಯುತ್ತಿದ್ದರು. ಇಡೀ ಹಾಲ್ ನಕ್ಕಿತು. ಅದಕ್ಕಿಂತ ಕೆಟ್ಟದ್ದು ಮುಂದಿನ ತಿಂಗಳು ಈಶ್ವರಮಂಗಲದಲ್ಲಿ ನಡೆಯಿತು. ಪುರೋಹಿತರು ನಿಜವಾಗಿಯೇ ಕೈ ಎತ್ತಿದಾಗ ನಾನು ತಮಾಷೆಯೇನೋ ಎಂದು ಒಂದು ಉಸಿರಿನಷ್ಟು ತಡೆದೆ. ತಾಳಿ ಮೌನದಲ್ಲೇ ಕೊರಳಿಗೆ ಬಿತ್ತು. ಹೆಣ್ಣಿನ ತಂದೆ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಈಗಲೂ ಮರೆತಿಲ್ಲ. ಯಾರೂ ಬೈಯಲಿಲ್ಲ. ಆದರೆ ಕೈಯನ್ನು ನಂಬಿ ಬದುಕುವವನಿಗೆ ಕೈಯ ಮೇಲೆಯೇ ಅನುಮಾನ ಬಂದರೆ ಅವನು ವಾದ್ಯ ಕಟ್ಟಿಡುವುದು ಒಳ್ಳೆಯದು.

ನಾಲ್ಕು ತಿಂಗಳ ನಂತರ ಅರೇಂಜರ್ ಅವರ ಆಲ್ಬಮ್ ಬಂತು. ಅದರಲ್ಲಿ ಬಾಸ್ ಗಿಟಾರ್ ನುಡಿಸಿದ್ದವಳು ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುವ ಹುಡುಗಿ. ರಸಮಂಜರಿ ಕಾರ್ಯಕ್ರಮಗಳ ಕಾಲದಿಂದ ನನ್ನನ್ನು ಅಣ್ಣ ಎಂದು ಕರೆಯುವವಳು. ಅವಳು ಫೋನ್ ಮಾಡಿದಳು.

“ಅಣ್ಣ, ಎರಡನೇದ್ದು ಮತ್ತೆ ಐದನೇದ್ದು ಕೇಳಿ. ಹೆಡ್‌ಫೋನ್ ಹಾಕಿ ಕೇಳಿ. ನಿಮ್ಮ ಟಿಕ್ ಉಂಟು.”

ನನ್ನ ವಾದ್ಯದ ಒಂದು ಕೀಲಿಯ ಸ್ಪ್ರಿಂಗ್ ಮುರಿದು ಬಹಳ ಕಾಲವಾಗಿದೆ. ಅಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಬೆರಳು ಬಿಟ್ಟಾಗಲೆಲ್ಲ ಅದು ಟಿಕ್ ಎನ್ನುತ್ತದೆ. ಕೇಳಿದೆ. ಎರಡನೆಯದರಲ್ಲಿ ಏಳು ಸಲ, ಐದನೆಯದರಲ್ಲಿ ನಾಲ್ಕು ಸಲ ಟಿಕ್ ಇತ್ತು. ನನ್ನ ಉಸಿರು, ನನ್ನ ಗಮಕ. ಮದುವೆ ಸೌಂಡ್ ಎಂದು ಎಸೆದದ್ದನ್ನು ಕತ್ತರಿಸಿ ಬೇಕಾದ ಕಡೆ ಅಂಟಿಸಿಕೊಂಡಿದ್ದರು. ಹೆಸರುಗಳ ಪಟ್ಟಿ ನೋಡಿದೆ. ಚಹಾ ತಂದುಕೊಟ್ಟವರಿಗೂ ಕೃತಜ್ಞತೆ ಇತ್ತು. ನನ್ನ ಹೆಸರು ಇರಲಿಲ್ಲ.

ನನಗೆ ಸೇಡು ಬೇಕಿತ್ತು. ಕಲೆಯ ಹಂಬಲ, ಹೊಸ ಪ್ರಯೋಗ ಎಂದೆಲ್ಲ ಹೇಳಿ ಇದಕ್ಕೆ ಬಣ್ಣ ಹಚ್ಚುವುದಿಲ್ಲ. ಅವರು ಮಾಡಿದ ಅದೇ ಬಗೆಯ ಆಲ್ಬಮ್ ಮಾಡಬೇಕು, ಫಂಕ್ ಇರಬೇಕು, ರಾಕ್ ಇರಬೇಕು, ಅವರು ಅದನ್ನು ಕೇಳುವಾಗ ಕೂತಲ್ಲಿ ಕೂರಲಾಗಬಾರದು. ಇಷ್ಟೇ ನನ್ನ ಉದ್ದೇಶ.

ಬಾಸಿನ ಹುಡುಗಿ ಒಪ್ಪಿದಳು. ಡ್ರಮ್ಸಿಗೆ ಅವಳೇ ಒಬ್ಬರನ್ನು ಹುಡುಕಿದಳು. ಕಡಬದ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ಟ್ರು. ಮನೆಯಲ್ಲಿ ಮಲಯಾಳ, ಭಾನುವಾರ ಇಗರ್ಜಿಯಲ್ಲಿ ಡ್ರಮ್ಸ್, ಉಳಿದ ದಿನ ನ್ಯೂಟನ್. ಅವರ ತೋಟದಲ್ಲಿ ರಬ್ಬರ್ ಶೀಟ್ ಒಣಗಿಸುತ್ತಿದ್ದ ಹಳೆಯ ಹೊಗೆಮನೆಯೊಂದಿತ್ತು. ಈಗ ಅವರು ಶೀಟ್ ಮಾಡದೆ ರಬ್ಬರ್ ಮರದ ಹಾಲನ್ನೇ ಮಾರುವುದರಿಂದ ಅದು ಖಾಲಿ. ದಪ್ಪ ಮುರಕಲ್ಲಿನ ಗೋಡೆ, ಕಿಟಕಿಯಿಲ್ಲ, ಒಳಗೆಲ್ಲ ವರ್ಷಗಳ ಮಸಿ. ಮಾಸ್ಟ್ರು ನಡುವೆ ನಿಂತು ಚಪ್ಪಾಳೆ ತಟ್ಟಿದರು. ಸದ್ದು ಹುಟ್ಟಿದಲ್ಲೇ ಸತ್ತಿತು.

“ನೋಡಿ, ಪ್ರತಿಧ್ವನಿ ಇಲ್ಲವೇ ಇಲ್ಲ. ಪುತ್ತೂರಿನವರು ಇದಕ್ಕೆ ಸ್ಪಂಜು ಹಚ್ಚಿದ್ದಾರೆ, ನಮಗೆ ಹೊಗೆ ಹಚ್ಚಿ ಕೊಟ್ಟಿದೆ” ಎಂದರು.

ಕೆಲಸ ಶುರುವಾದದ್ದು ಧನುರ್ಮಾಸದಲ್ಲಿ. ಆ ತಿಂಗಳು ಮದುವೆಗಳಿಲ್ಲ. ಬೆಳಗಿನ ಜಾವ ದೇವಸ್ಥಾನದಲ್ಲಿ ಧನುಪೂಜೆಗೆ ನುಡಿಸಿ, ಪ್ರಸಾದ ತಿಂದು, ವಾದ್ಯ ಬೆನ್ನಿಗೆ ಹಾಕಿಕೊಂಡು ಕಡಬದ ಬಸ್ಸು ಹಿಡಿಯುತ್ತಿದ್ದೆ. ಮಾಸ್ಟ್ರ ಶಾಲೆ ಬಿಡುವವರೆಗೆ ಹೊಗೆಮನೆಯಲ್ಲಿ ಒಬ್ಬನೇ ಕೂತು ಅಭ್ಯಾಸ. ಡ್ರಮ್ಸಿಗೆ ನಾಲ್ಕು ಮೈಕು, ಬಾಸ್ ನೇರವಾಗಿ ತಂತಿಯಲ್ಲಿ, ನನಗೆ ಒಂದು ಮೈಕು. ಲ್ಯಾಪ್‌ಟಾಪು ಬಾಸಿನ ಹುಡುಗಿಯದ್ದು, ಧ್ವನಿಮುದ್ರಣ ನೋಡಿಕೊಳ್ಳುವವಳೂ ಅವಳೇ. ಮಾಸ್ಟ್ರು ಕಾಲಿನ ಡ್ರಮ್ ಒದ್ದಾಗಲೆಲ್ಲ ಮಾಡಿನಿಂದ ಮಸಿ ಉದುರುತ್ತಿತ್ತು. ಮೊದಲ ವಾರದ ಕೊನೆಗೆ ಮೂವರೂ ಇದ್ದಿಲು ಮಾರುವವರ ಹಾಗೆ ಕಾಣುತ್ತಿದ್ದೆವು. ಆಮೇಲೆ ಮೇಲೆ ಟಾರ್ಪಲ್ ಕಟ್ಟಿದೆವು.

ಸಮಸ್ಯೆ ನನ್ನಿಂದಲೇ. ಫಂಕ್ ಎಂದರೆ ಒಂದನೆಯ ಪೆಟ್ಟಿನ ಮೇಲೆ ಎಲ್ಲರೂ ಒಟ್ಟಿಗೆ ಭಾರ ಹಾಕಬೇಕು, ಆಮೇಲೆ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಬೇಕು. ನನಗೆ ಖಾಲಿ ಜಾಗ ಕಂಡರೆ ತುಂಬಿಸುವ ಚಾಳಿ. ಮದುವೆಮನೆಯಲ್ಲಿ ವಾದ್ಯ ನಿಂತರೆ ಯಜಮಾನರು ಎದ್ದು ನೋಡುತ್ತಾರಲ್ಲ.

“ನೀವು ಸ್ವರವನ್ನು ಎಳೀತೀರಿ,” ಮಾಸ್ಟ್ರು ಹೇಳಿದರು. “ಇಲ್ಲಿ ಎಳೆಯುದಲ್ಲ, ಇಡುದು. ಇಟ್ಟು ಕೈ ತೆಗೀಬೇಕು.”

ವಾದ್ಯದ ಬಾಯಲ್ಲಿ ಕಂಪಿಸುವ ತೆಳು ಪಟ್ಟಿಯನ್ನು, ಅಂದರೆ ರೀಡನ್ನು, ನಾಲಗೆಯಿಂದ ತಡೆದು ಸ್ವರ ಕತ್ತರಿಸುವುದನ್ನು ಹದಿನೈದು ದಿನ ಅಭ್ಯಾಸ ಮಾಡಿದೆ. ನಾಲಗೆಯ ತುದಿ ಹುಣ್ಣಾಯಿತು. ಆ ಒಣ ಕೋಣೆಯಲ್ಲಿ ರೀಡು ಬಾಗಿ ಕೀರಲು ಶುರುವಾಯಿತು. ಎರಡು ರೀಡುಗಳನ್ನು ನೀರಿನ ಲೋಟದಲ್ಲಿ ಮುಳುಗಿಸಿಟ್ಟು ಅರ್ಧ ಗಂಟೆಗೊಮ್ಮೆ ಬದಲಿಸಿದೆ. ಇದೆಲ್ಲ ಹೇಗೋ ದಾರಿಗೆ ಬಂತು. ದಾರಿಗೆ ಬಾರದ್ದು ಕ್ಲಿಕ್. ಹೆಡ್‌ಫೋನಿನಲ್ಲಿ ಟಕ್ ಟಕ್ ಎಂದು ಒಂದೇ ವೇಗದಲ್ಲಿ ಬಡಿಯುವ ಆ ಸದ್ದಿಗೆ ನಾನು ಹತ್ತು ಆವರ್ತ ಮುಗಿಯುವಷ್ಟರಲ್ಲಿ ಮುಂದೆ ಓಡುತ್ತಿದ್ದೆ. ದಿಬ್ಬಣ ಒಳಗೆ ಬರುವಾಗ ನಿಧಾನ, ಮುಹೂರ್ತ ಹತ್ತಿರವಾದ ಹಾಗೆ ಜೋರು. ನನ್ನ ಮೈ ಕಲಿತಿರುವುದೇ ಹಾಗೆ. ಒಂದು ಸಂಜೆ ಮಾಸ್ಟ್ರು ಕೋಲು ಕೆಳಗಿಟ್ಟರು.

“ಎಲ್ಲಿಗೆ ಓಡುದು ನೀವು? ಬಸ್ಸು ಉಂಟಾ?”

ನನಗೂ ಸಿಟ್ಟು ಬಂತು. “ನನಗೆ ಮನುಷ್ಯರನ್ನು ನೋಡಿ ನುಡಿಸಿ ಅಭ್ಯಾಸ ಮಾಸ್ಟ್ರೆ. ಈ ಪೆಟ್ಟಿಗೆಯ ಮುಖ ಎಲ್ಲಿ ಉಂಟು, ತೋರ್ಸಿ.”

ಬಾಸಿನ ಹುಡುಗಿ ಎದ್ದು ಬಂದು ನನ್ನ ಕಿವಿಯಿಂದ ಹೆಡ್‌ಫೋನ್ ತೆಗೆದಳು. ತನ್ನ ಚಪ್ಪಲಿ ಬಿಚ್ಚಿ ನನ್ನ ಎದುರಿಗೆ ಸ್ಟೂಲ್ ಹಾಕಿ ಕೂತಳು. ಕ್ಲಿಕ್ ಅವಳ ಕಿವಿಗೆ, ಅವಳ ಕಾಲು ನನ್ನ ಕಣ್ಣಿಗೆ. ಅವಳ ಹಿಮ್ಮಡಿ ನೆಲಕ್ಕೆ ಬಿದ್ದಾಗ ನಾನು ಸ್ವರ ಇಟ್ಟೆ. ಅಷ್ಟೇ ಸಾಕಾಯಿತು. ಒಂದೇ ವಾರದಲ್ಲಿ ಮೂರು ಟ್ರ್ಯಾಕ್ ಮುಗಿದವು. ನಿಂತು ಊದಲು ಹೇಳುತ್ತಿದ್ದ ಮಾಸ್ಟ್ರೂ ಸುಮ್ಮನಾದರು, ನಾನು ಚಾಪೆಯ ಮೇಲೆಯೇ ಕೂತೆ.

ಒಂದೊಂದು ಟ್ರ್ಯಾಕನ್ನೂ ನಾನು ಅರೇಂಜರ್ ಅವರ ಮುಖ ಮುಂದಿಟ್ಟುಕೊಂಡೇ ಕಟ್ಟಿದೆ. ಅವರು ನನ್ನ ಸ್ವರವನ್ನು ಎಲ್ಲಿ ಕತ್ತರಿಸಿದ್ದರೋ ಆ ತುಂಡಿನಿಂದಲೇ ನನ್ನ ಮೂರನೆಯ ಟ್ರ್ಯಾಕ್ ಶುರುವಾಗುತ್ತದೆ. ಅವರು ನಿಲ್ಲಿಸಿದ ಕಡೆ ನಿಲ್ಲದೆ ಮುಂದೆ ಹೋಗಿ, ಆ ಸಾಲು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಿ ಮುಟ್ಟುತ್ತದೆ. ನಾಲ್ಕನೆಯದು ರಾಕ್. ಮಾಸ್ಟ್ರು ಇಗರ್ಜಿಯಲ್ಲಿ ಹೊಡೆಯಲಾಗದ್ದನ್ನೆಲ್ಲ ಅಲ್ಲಿ ಹೊಡೆದರು. ಕೀಲಿಗೆ ಹೊಸ ಸ್ಪ್ರಿಂಗ್ ಹಾಕಿಸೋಣ ಎಂದು ಹುಡುಗಿ ಹೇಳಿದಾಗ ನಾನು ಒಪ್ಪಲಿಲ್ಲ. ಮೈಕನ್ನು ಆ ರಬ್ಬರ್ ಬ್ಯಾಂಡಿನ ಹತ್ತಿರಕ್ಕೇ ತರಿಸಿದೆ. ಟಿಕ್ ಕೇಳಲಿ. ಎರಡೂ ಆಲ್ಬಮ್ ಕೇಳಿದವರಿಗೆ ಬೇರೆ ಸಾಕ್ಷಿ ಬೇಡ.

ಕೊನೆಯ, ಏಳನೆಯ ಟ್ರ್ಯಾಕಿಗೆ ನಾನು ವಿಷವನ್ನು ಕೂಡಿಟ್ಟಿದ್ದೆ. ಫಂಕ್ ಜೋರಾಗಿ ಹೋಗುತ್ತಿರುವಾಗ ಎಲ್ಲ ನಿಂತು, ವಾಟ್ಸಾಪಿನ ಆ ಹನ್ನೊಂದು ಸೆಕೆಂಡು ಹಾಗೆಯೇ ಬರಬೇಕು. ನನ್ನ ಗಟ್ಟಿಮೇಳ, ಅವರ ನಗು. ಆಮೇಲೆ ಆ ನಗುವನ್ನು ತುಂಡು ಮಾಡಿ ಡ್ರಮ್ಸಿನ ಮೇಲೆ ಕುಣಿಸಬೇಕು. ಹಹ, ಹಹ, ಹಹ ಎಂದು ಅವರು ತಮ್ಮ ಜೀವಮಾನವಿಡೀ ತಾಳಕ್ಕೆ ಸರಿಯಾಗಿ ನಗುತ್ತಿರಬೇಕು. ಮಾದರಿ ಮಾಡಿ ಕೇಳಿಸಿದಾಗ ನನಗೆ ಬಹಳ ಖುಷಿಯಾಯಿತು. ಹುಡುಗಿಗೆ ಆಗಲಿಲ್ಲ.

“ಇದು ಹಾಕಿದ್ರೆ ಜನ ನೆನಪಿಡುದು ಅವರ ನಗುವನ್ನು. ನಿಮ್ಮನ್ನಲ್ಲ.”

“ನಿನ್ನ ಹೆಸರು ಹಾಕಿದ್ದಾರಲ್ಲ ಅವರು. ನಿನಗೆ ಎಂತ ಗೊತ್ತಾಗ್ತದೆ?”

ಹೇಳಬಾರದಿತ್ತು. ಅವಳು ಬಾಸನ್ನು ಚೀಲಕ್ಕೆ ಹಾಕಿ, ಲ್ಯಾಪ್‌ಟಾಪ್ ಮಡಚಿ ಹೊರಟುಹೋದಳು. ಹತ್ತು ದಿನ ಬರಲಿಲ್ಲ. ಮಾಸ್ಟ್ರು ಮೂರನೆಯ ದಿನ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲೇ ಲೆಕ್ಕ ಹಾಕಿ ತೋರಿಸಿದರು. ನಮ್ಮ ಟ್ರ್ಯಾಕ್ ನಿಮಿಷಕ್ಕೆ ನೂರ ಇಪ್ಪತ್ತು ಪೆಟ್ಟು. ನಾಲ್ಕು ಪೆಟ್ಟಿನ ಒಂದು ಆವರ್ತಕ್ಕೆ ಎರಡು ಸೆಕೆಂಡು. ಹನ್ನೊಂದು ಸೆಕೆಂಡಿಗೆ ಐದೂವರೆ ಆವರ್ತ.

“ಐದೂವರೆ ಎಲ್ಲಿಯೂ ಕೂರುದಿಲ್ಲ. ನಿಮ್ಮ ಸಿಟ್ಟು ಸರಿ ಉಂಟು, ಉದ್ದ ಸರಿ ಇಲ್ಲ. ಹೊಸತಾಗಿ ಊದಿ, ಎಂಟೋ ಹದಿನಾರೋ ಆವರ್ತಕ್ಕೆ.”

ನಾನು ಲ್ಯಾಬಿಗೆ ಹೋದೆ. ಸಾಲಿನಲ್ಲಿ ಆರು ಜನ ಇದ್ದರು. ನನ್ನ ಸರದಿ ಬಂದಾಗ ಅವಳು ತಲೆ ಎತ್ತದೆ ಕೇಳಿದಳು.

“ಶುಗರಾ, ಕೊಲೆಸ್ಟ್ರಾಲಾ?”

“ತಪ್ಪಾಯ್ತು ಮಾರಾಯ್ತಿ.”

“ಅದಕ್ಕೆ ಇಲ್ಲಿ ಟೆಸ್ಟ್ ಇಲ್ಲ,” ಎಂದಳು. ಮುಂದಿನವರ ಚೀಟಿಗೆ ಕೈ ಚಾಚುತ್ತ, “ಭಾನುವಾರ ಬರ್ತೇನೆ” ಎಂದಳು.

ಭಾನುವಾರ ಹೊಗೆಮನೆಯಲ್ಲಿ ಗಟ್ಟಿಮೇಳ ಊದಲು ಕೂತೆ. ಡೋಲಿಗೆ ದೊಡ್ಡಪ್ಪನನ್ನು ಕರೆಸಿದ್ದೆ. ನಮ್ಮ ಮೇಳದಲ್ಲಿ ಅಪ್ಪನ ಕಾಲದಿಂದ ಡೋಲು ಅವರದ್ದೇ. ಮಾಸ್ಟ್ರು ಕೈ ಎತ್ತಿದರು. ಊದಿದೆ. ಸ್ವರವೆಲ್ಲ ಸರಿಯಿತ್ತು, ಜೀವ ಇರಲಿಲ್ಲ. ಒಂಬತ್ತು ಸಲ ಊದಿದೆ. ಒಂಬತ್ತು ಸಲವೂ ಆ ಹನ್ನೊಂದು ಸೆಕೆಂಡಿನ ಮುಂದೆ ಅದು ಸಪ್ಪೆಯಾಗಿತ್ತು. ಅರೇಂಜರ್ ಕೈ ಎತ್ತಿದಾಗ ನಾನು ನಂಬಿದ್ದೆ, ಮಾಸ್ಟ್ರು ಎತ್ತಿದಾಗ ನಂಬಲಿಲ್ಲ. ಅಷ್ಟೇ ವ್ಯತ್ಯಾಸ. ನನ್ನಿಂದ ಅರೇಂಜರ್ ಕಿತ್ತುಕೊಂಡದ್ದು ಹೆಸರನ್ನು ಮಾತ್ರ ಅಲ್ಲ ಎಂದು ಆ ದಿನ ಗೊತ್ತಾಯಿತು. ಕೋಪದಲ್ಲಿ ರೀಡಿನ ಲೋಟವನ್ನು ಹೊರಗೆ ಚೆಲ್ಲಿದೆ.

ಮದುವೆಗಳ ಕಾಲ ಮತ್ತೆ ಶುರುವಾಯಿತು. ಅಜ್ಜಾವರದ ಒಬ್ಬ ಗಂಡಿನ ತಂದೆ ಮನೆಗೆ ಬಂದು ವೀಳ್ಯ ಕೊಟ್ಟು, ಮಗನ ಮದುವೆಗೆ ವಾದ್ಯ ಹೇಳಿ ಹೋದರು. ಸುಳ್ಯದ ಮದುವೆ ಹಾಲ್ ಒಂದರಲ್ಲಿ ಮದುವೆ. ಅವರು ಹೋದ ಮೇಲೆ ಮದುವೆಯ ಕಾಗದ ಬಿಡಿಸಿ ನೋಡಿದೆ. ಹೆಣ್ಣಿನ ಕಡೆ ಸುಖಾಗಮನ ಬಯಸುವವರಲ್ಲಿ ಸೋದರಮಾವನ ಹೆಸರಿತ್ತು. ಅರೇಂಜರ್ ಅವರದ್ದು.

ನಾನು ಏನು ಯೋಚಿಸಿದೆ ಎಂದು ಮುಚ್ಚಿಡುವುದಿಲ್ಲ. ಮುಹೂರ್ತಕ್ಕೆ ಕೈ ಎತ್ತಲಿ, ನಾನು ವಾದ್ಯವನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂರುತ್ತೇನೆ. ಅವರ ತಂಗಿಯ ಮಗಳ ತಾಳಿ ಮೌನದಲ್ಲಿ ಬೀಳಲಿ. ಎಲ್ಲರೂ ತಿರುಗಿ ನೋಡಲಿ. ಮೊಬೈಲಿನಲ್ಲಿ ತೆಗೆಯಲಿ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ಡೋಲಿನ ಹಗ್ಗ ಬಿಗಿ ಮಾಡುತ್ತಿದ್ದವರು ಕೆಲಸ ನಿಲ್ಲಿಸದೆ ಕೇಳಿದರು.

“ಆ ಹುಡುಗಿ ನಿನಗೆ ಎಂತ ಮಾಡಿದ್ದಾಳೆ?”

“ಎಂತದೂ ಇಲ್ಲ.”

“ಹಾಗಾದ್ರೆ ಅವಳ ಮುಹೂರ್ತಕ್ಕೆ ಕೈ ಹಾಕ್ಬೇಡ. ಅವನ ಕೈ ಬೇಕಾದ್ರೆ ಹಿಡಿ.”

ಅವರು ಬೈಯುವ ದನಿಯಲ್ಲೇ ಹೇಳಿದ್ದು. ಆದರೆ ನನಗೆ ಅದರಲ್ಲಿ ದಾರಿ ಕಂಡಿತು.

ಈಗಿನ ಮದುವೆ ಹಾಲ್‌ಗಳಲ್ಲಿ ವಾದ್ಯದವರನ್ನು ಕೂರಿಸುವುದು ವೇದಿಕೆಯ ಬದಿಗೆ, ಹೂವಿನ ಕಮಾನಿನ ಹಿಂದೆ. ನಮ್ಮ ಮತ್ತು ಪುರೋಹಿತರ ನಡುವೆ ಫೋಟೋದವರು, ವಿಡಿಯೋದವರು ಬೆನ್ನು ಹಾಕಿ ನಿಲ್ಲುತ್ತಾರೆ. ಮುಹೂರ್ತಕ್ಕೆ ಕೈ ಕಾಣುವುದಿಲ್ಲ. ಆದ್ದರಿಂದ ಮನೆಯವರಲ್ಲಿ ಒಬ್ಬರು ನಮಗೆ ಕಾಣುವ ಹಾಗೆ ನಿಂತು, ಪುರೋಹಿತರನ್ನು ನೋಡಿ ಕೈ ಎತ್ತಬೇಕಾಗುತ್ತದೆ. ಮದುವೆಯ ಬೆಳಿಗ್ಗೆ ನಾನು ಗಂಡಿನ ತಂದೆಯನ್ನು ಕರೆದೆ.

“ಭಟ್ರು ಕಾಣುದಿಲ್ಲ ಇಲ್ಲಿಂದ. ಕೈ ತೋರಿಸ್ಲಿಕ್ಕೆ ಒಬ್ಬರು ಬೇಕು. ಹುಡುಗಿಯ ಸೋದರಮಾವ ನಿಲ್ಲಲಿ. ಅವರು ಸಂಗೀತ ಗೊತ್ತಿದ್ದವರು.”

“ಅದು ಒಳ್ಳೇದಾಯ್ತು,” ಎಂದು ಅವರು ಖುಷಿಯಿಂದ ಹೋಗಿ ಹೇಳಿದರು. ಬೀಗರ ಮಾತು, ಇಲ್ಲ ಎನ್ನುವ ಹಾಗಿಲ್ಲ.

ಅರೇಂಜರ್ ರೇಷ್ಮೆ ಪಂಚೆ ಉಟ್ಟು ಬಂದರು. ನನ್ನನ್ನು ನೋಡಿದರು. ಮುಖದ ಬಣ್ಣ ಹೋಯಿತು. ಶ್ರುತಿಪೆಟ್ಟಿಗೆಯ ಹತ್ತಿರ ಸೀರೆ ಉಟ್ಟು ಕೂತಿದ್ದ ಬಾಸಿನ ಹುಡುಗಿಯನ್ನೂ ನೋಡಿದರು. ಅವಳು ಪೆಟ್ಟಿಗೆಯನ್ನು ನಮ್ಮ ಆಲ್ಬಮಿನ ಶ್ರುತಿಗೇ ಇಟ್ಟಿದ್ದಳು. ಪೆಟ್ಟಿಗೆಯ ಪಕ್ಕದಲ್ಲಿ ಅಂಗೈಯಷ್ಟು ದೊಡ್ಡ ರೆಕಾರ್ಡರ್ ಇತ್ತು, ಡೋಲಿನ ಹತ್ತಿರ ಇನ್ನೊಂದು. ಗಂಡಿನ ತಂದೆಗೆ ಹೇಳಿಯೇ ಇಟ್ಟಿದ್ದೆವು.

“ಹೇಗೆ ಮಾಡ್ಬೇಕು ನಾನು?” ಅರೇಂಜರ್ ಮೆಲ್ಲಗೆ ಕೇಳಿದರು.

“ಕೈ ಎತ್ತಿ ಸರ್. ನಿಮಗೆ ಗೊತ್ತುಂಟಲ್ಲ.”

ಇಳಿಸುವ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂತರಪಟ ಹಿಡಿದರು. ಮಂತ್ರ ಜೋರಾಯಿತು. ಫೋಟೋದವರ ಬೆನ್ನುಗಳ ಗೋಡೆ ಎದ್ದಿತು. ಅರೇಂಜರ್ ಕಮಾನಿನ ಪಕ್ಕ ನಿಂತು ಒಮ್ಮೆ ಪುರೋಹಿತರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ಅವರ ಎಡಗೈಯಲ್ಲಿ ಅಕ್ಷತೆ. ಹಣೆಯ ಮೇಲೆ ಬೆವರು. ನಾನು ಊದುತ್ತೇನೋ ಇಲ್ಲವೋ ಎಂದು ಅವರಿಗೆ ಖಾತ್ರಿ ಇರಲಿಲ್ಲ. ಅವರ ತಂಗಿಯ ಮಗಳ ಮುಹೂರ್ತ ನನ್ನ ಉಸಿರಿನಲ್ಲಿತ್ತು. ಅದನ್ನು ನಾವಿಬ್ಬರೂ ತಿಳಿದಿದ್ದೆವು. ಆ ಎರಡು ನಿಮಿಷ ನಾನು ಸವಿದೆ. ಸುಳ್ಳು ಹೇಳಲಾರೆ, ಚೆನ್ನಾಗಿ ಸವಿದೆ.

ಬಲಗೈ ಎದ್ದಿತು. ನನ್ನ ಕಣ್ಣು ಅಲ್ಲೇ ಇತ್ತು. ಅನುಮಾನ ಬರಲಿಲ್ಲ, ಆ ಮನುಷ್ಯನ ಮುಖದಲ್ಲಿ ತಮಾಷೆಯ ಒಂದು ಗೆರೆಯೂ ಇರಲಿಲ್ಲ. ಈಶ್ವರಮಂಗಲದ ಆ ಮದುವೆಯ ನಂತರ ಮೊದಲ ಸಲ ನನ್ನ ಬೆರಳು ನನ್ನನ್ನು ಕೇಳದೆ ಹೊರಟಿತು. ದೊಡ್ಡಪ್ಪನ ಡೋಲು ಸಿಡಿಯಿತು. ತಾಳಿ ಬಿತ್ತು, ಅಕ್ಷತೆ ಹಾರಿತು.

ಕೈ ಇಳಿಯಲಿಲ್ಲ. ಇಳಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೆ ದೊಡ್ಡಪ್ಪ ಸಾಮಾನ್ಯವಾಗಿ ಕಣ್ಣಿನಲ್ಲೇ ಸನ್ನೆ ಮಾಡುತ್ತಾರೆ. ಆ ದಿನ ದೊಡ್ಡಪ್ಪ ಡೋಲನ್ನೇ ನೋಡುತ್ತಿದ್ದರು. ಮಂತ್ರ ಮುಗಿಯಿತು. ನಾವು ಊದುತ್ತಿದ್ದೆವು, ಬಾರಿಸುತ್ತಿದ್ದೆವು. ಜನರ ಕಣ್ಣು ಮಂಟಪದಿಂದ ನಮ್ಮ ಕಡೆಗೆ, ನಮ್ಮಿಂದ ಆ ಕೈಯ ಕಡೆಗೆ ಹೊರಳಿತು. ಅರೇಂಜರ್ ಗಾಬರಿಯಲ್ಲಿ ಕೈಯನ್ನು ಇನ್ನೂ ಮೇಲಕ್ಕೆತ್ತಿ ಆಡಿಸಿದರು. ಅವತ್ತಿನ ಹಾಗೆಯೇ. ನಾನು ಜೋರು ಮಾಡಿದೆ. ಅವತ್ತಿನ ಹಾಗೆಯೇ. ಯಾರೋ ನಕ್ಕರು, ಆಮೇಲೆ ಅರ್ಧ ಹಾಲ್ ನಕ್ಕಿತು. ಮದುಮಗಳೂ ತಲೆಬಗ್ಗಿಸಿ ನಗುತ್ತಿದ್ದಳು. ಕೊನೆಗೆ ಪುರೋಹಿತರೇ ಎದ್ದು ಬಂದು, “ಕೈ ಇಳಿಸಿ ಮಾರಾಯ್ರೆ, ಅವರು ನಿಲ್ಲಿಸುದು ಹೇಗೆ?” ಎಂದು ಅವರ ತೋಳು ಹಿಡಿದು ಕೆಳಗೆ ಮಾಡಿದರು. ಅದೇ ಕ್ಷಣ ನಾನು ನಿಲ್ಲಿಸಿದೆ.

ಮರುದಿನ ಹೊಗೆಮನೆಯಲ್ಲಿ ಹುಡುಗಿ ಅದನ್ನು ಅಳೆದಳು. ಕೈ ಎದ್ದಲ್ಲಿಂದ ಇಳಿಯುವವರೆಗೆ ಒಂದು ನಿಮಿಷ ನಾಲ್ಕು ಸೆಕೆಂಡು. ಮಾಸ್ಟ್ರು ಕೆಂಪು ಪೆನ್ನು ತೆಗೆದು ಭಾಗಿಸಿದರು, ಮತ್ತೊಮ್ಮೆ ಭಾಗಿಸಿದರು. ಮೂವತ್ತೆರಡು ಆವರ್ತ. ಒಂದು ಪೆಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ವಿಜ್ಞಾನದ ಮಾಸ್ಟ್ರು ಪೆನ್ನು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡರು.

ಏಳನೆಯ ಟ್ರ್ಯಾಕ್ ಈಗ ಹೀಗಿದೆ. ಫಂಕ್ ಮೂರು ನಿಮಿಷ ಏರುತ್ತ ಹೋಗಿ ಒಂದನೆಯ ಪೆಟ್ಟಿಗೆ ಎಲ್ಲವೂ ನಿಲ್ಲುತ್ತದೆ. ಗಟ್ಟಿಮೇಳ ಬೀಳುತ್ತದೆ. ಎಂಟು ಆವರ್ತ ಅದೊಂದೇ. ಆಮೇಲೆ ಕಾಲಿನ ಡ್ರಮ್, ಆಮೇಲೆ ಬಾಸ್, ಕೊನೆಯ ಎಂಟು ಆವರ್ತಕ್ಕೆ ರಾಕ್ ಪೂರ್ತಿ ಏಳುತ್ತದೆ. ತಾಳವಿಲ್ಲದ್ದು ಮೇಲೆ, ತಾಳ ಕೆಳಗೆ. ಪುರೋಹಿತರ ಮಾತಿಗೆ ಸ್ವಲ್ಪ ಮೊದಲು ಹಾಲ್‌ನಲ್ಲಿದ್ದವರ ನಗುವೂ ಕೇಳುತ್ತದೆ. ಅದನ್ನು ತೆಗೆಯಬೇಕೇ ಎಂದು ಹುಡುಗಿ ಕೇಳಿದಳು. ನಾನು ತೆಗೆಯಬೇಡ ಎಂದೆ. ಈ ನಗು ಆಗಬಹುದು ಎಂದು ಅವಳೂ ಹೇಳಿದಳು.

ಆಲ್ಬಮ್ ಹೊರಗೆ ಬಂದ ವಾರ ಕಡಬದಲ್ಲಿ ಒಂದು ಮದುವೆ ಇತ್ತು. ಊಟದ ಹಾಲ್‌ನ ಬಾಗಿಲಲ್ಲಿ ಹಳೆಯ ನಾಲ್ವರಲ್ಲಿ ಇಬ್ಬರಿದ್ದರು. ಅವರ ಕೈ ಜೇಬಿನಲ್ಲಿತ್ತು. ಮುಹೂರ್ತಕ್ಕೆ ಪುರೋಹಿತರು ಕೈ ಎತ್ತಿದಾಗ ನಾನು ಒಂದು ಉಸಿರಿನಷ್ಟೂ ತಡೆಯಲಿಲ್ಲ.

ಎಂಟು ದಿನ ಬಿಟ್ಟು ಅರೇಂಜರ್ ಫೋನ್ ಮಾಡಿದರು. ನಮಸ್ಕಾರವಿಲ್ಲ, ಕುಶಲವಿಲ್ಲ.

“ಅದರಲ್ಲಿ ನನ್ನ ಹೆಸರು ಯಾಕೆ ಹಾಕಿದ್ದು?”

ಹೆಸರುಗಳ ಪಟ್ಟಿ ನಾನೇ ಬರೆದದ್ದು. ಸ್ಯಾಕ್ಸೋಫೋನ್, ಡೋಲು, ಬಾಸ್, ಡ್ರಮ್ಸ್. ಎಲ್ಲರಿಗಿಂತ ಕೆಳಗೆ, ಏಳನೆಯ ಟ್ರ್ಯಾಕಿಗೆ ಮಾತ್ರ ಒಂದು ಸಾಲು. ‘ಕೈ ಎತ್ತಿದವರು’ ಎಂದು, ಮುಂದೆ ಅವರ ಇನಿಷಿಯಲ್ ಸಹಿತ ಪೂರ್ತಿ ಹೆಸರು.

“ನೀವು ಕೆಲಸ ಮಾಡಿದ್ದೀರಿ ಸರ್. ಕೆಲಸ ಮಾಡಿದವರ ಹೆಸರು ಬಿಡುದು ಹೇಗೆ?”

ಅವರು ಫೋನ್ ಇಡುವವರೆಗೆ ನಾನೂ ಇಡಲಿಲ್ಲ.